ಮೊಳೆ ಇಲ್ಲದ ಮನೆಯ ರಿಜಿಸ್ಟ್ರೇಷನ್

ಇವತ್ತು ಮಾಡಿದ ಕೆಲಸಗಳು ಇವು. ಡಿಶ್‌ವಾಷರಿನ ಪಾತ್ರೆ ತೆಗೆದು ಜೋಡಿಸಿದೆ. ರಾತ್ರಿ ಹೆಪ್ಪು ಹಾಕಿ ಓವನ್ನಿನಲ್ಲಿಟ್ಟಿದ್ದ ಮೊಸರು ನೋಡಿದೆ, ಗಟ್ಟಿಯಾಗಿತ್ತು. ಮಗಳ ಡಬ್ಬಿಗೆ ಚಿತ್ರಾನ್ನ ತುಂಬಿದೆ. ಅವಳು ಕಡಲೆಬೀಜವನ್ನಷ್ಟೇ ತಿಂದು ವಾಪಸ್ ತರುತ್ತಾಳೆಂದು ಗೊತ್ತಿದ್ದೂ ತುಂಬಿದೆ. ಮಾಮಿ ಕೊಟ್ಟ ಕರಿಬೇವಿನ ಕುಂಡಕ್ಕೆ ನೀರು ಹಾಕಿದೆ. ಒಗೆದ ಬಟ್ಟೆ ಡ್ರೈಯರಿಗೆ ಹಾಕಿ ಮರೆತೆ. ಆಮೇಲೆ ರೇಷ್ಮೆ ಸೀರೆ ಉಟ್ಟುಕೊಂಡು, ಒಬ್ಬ ಗಂಡಸು ತನ್ನ ಮನೆಯನ್ನು ತನ್ನ ಹೆಂಡತಿಗೇ ದಾನ ಕೊಡುವುದಕ್ಕೆ ಸಾಕ್ಷಿ ಹಾಕಲು ಕೌಂಟಿ ಕಚೇರಿಗೆ, ಅಂದರೆ ಇಲ್ಲಿನ ಜಿಲ್ಲಾ ಕಚೇರಿಗೆ, ಹೋದೆ. ಸಾಕ್ಷಿ ಬೇಕಾಗಿಲ್ಲ ಅಂದರು. ಬಂದೆ.

ಆ ಗಂಡಸು ಯಾರೆಂದು ಹೇಳಬೇಕಲ್ಲ. ಗೋಡೆ ಇರುವುದೇ ಅದರ ಮೇಲೆ ಏನನ್ನೂ ತೂಗುಹಾಕದಿರುವುದಕ್ಕೆ ಎಂದು ನಂಬಿರುವ ಮನುಷ್ಯ ಇಡೀ ಟೆಕ್ಸಾಸಿನಲ್ಲಿ ಒಬ್ಬರೇ ಇದ್ದರೆ, ಅವರು ನಮ್ಮ ಯಜಮಾನರ ಸೋದರಮಾವ. ಊರು ಧಾರವಾಡ. ನೆಂಟರು, ನೆಂಟರಲ್ಲದವರು, ಎದುರುಮನೆಯ ಗುಜರಾತಿಗಳು, ಎಲ್ಲರಿಗೂ ಅವರು ಮಾಮಾ. ಅವರ ಹೆಂಡತಿ ಮಾಮಿ.

ಡ್ಯಾಲಸ್ ಪಕ್ಕದ ಅಲೆನ್ ಊರಿನಲ್ಲಿರುವ ಮಾಮಾನ ಮನೆಗೆ ಮೊದಲ ಸಲ ಹೋದವರು ಸ್ವಲ್ಪ ಗಾಬರಿಯಾಗುತ್ತಾರೆ. ಆ ಮನೆಯಲ್ಲಿ ಒಂದೇ ಒಂದು ಮೊಳೆ ಇಲ್ಲ! ದೇವರ ಪಟಗಳು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿವೆ. ಕ್ಯಾಲೆಂಡರು ಫ್ರಿಜ್ಜಿಗೆ ಅಂಟಿಕೊಂಡಿದೆ. ಮಗನ ಮದುವೆಯ ದೊಡ್ಡ ಫೋಟೋ ಪಿಯಾನೋದ ಹಿಂದಿನಿಂದ ಇಣುಕುತ್ತದೆ. ಇನ್ನು ಗೋಡೆ ಗಡಿಯಾರ! ಮಾಮಿಯ ತಂದೆ ಹುಬ್ಬಳ್ಳಿಯಿಂದ ಮಡಿಲಲ್ಲಿಟ್ಟುಕೊಂಡು ವಿಮಾನದಲ್ಲಿ ತಂದುಕೊಟ್ಟ ಆ ಗಡಿಯಾರಕ್ಕೆ ಹಾಲ್‌ನಲ್ಲಿ ಒಂದು ಸ್ವಂತ ಕುರ್ಚಿ ಇದೆ. ಮೆತ್ತೆ ಹಾಕಿದ, ಕೈಯಿರುವ, ಒಳ್ಳೆಯ ಕುರ್ಚಿ. ನಾವು ಹೋದಾಗ ಜಾಗ ಸಾಲದೆ ಕಾರ್ಪೆಟ್ಟಿನ ಮೇಲೆ ಕೂರುತ್ತೇವೆ. ಗಡಿಯಾರ ಕುರ್ಚಿಯಲ್ಲಿ ಆರಾಮಾಗಿ ಕೂತು ನಮ್ಮನ್ನು ನೋಡುತ್ತದೆ. ಮನೆಗೆ ಬಂದ ಹಿರಿಯರೆಂದರೆ ಅದೊಂದೇ ಅನ್ನುವ ಹಾಗೆ!

"ಯಾಕೆ ಮಾಮಾ, ಒಂದು ಮೊಳೆ ಹೊಡೆದರೆ ಏನಾಗುತ್ತೆ?" ಅಂತ ಮದುವೆಯಾದ ಹೊಸತರಲ್ಲಿ ಕೇಳಿದ್ದೆ.

"ನೋಡವಾ, ನಾಳಿಗೆ ಮನಿ ಮಾರೂ ಮುಂದ ಗಿರಾಕಿ ಬರ್ತಾನ. ಬಂದಾಂವ ಮೊದಲ ಗ್ವಾಡಿ ನೋಡ್ತಾನ. ಗ್ವಾಡಿಗೆ ತೂತು ಇದ್ರ ಮಾರಿ ತಿರುವಿಕೊಂಡು ಹೋಗ್ತಾನ."

ಈ ಗಿರಾಕಿಯನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಗಂಡ, ಹೆಂಡತಿ, ಮಗನ ಜೊತೆಗೆ ಆ ಮನೆಯಲ್ಲಿ ಅವನೂ ಸಂಸಾರ ಮಾಡಿದ್ದಾನೆ. ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರಿನಲ್ಲಿ ಮಾಮಾ ಎಣ್ಣೆ ಕಂಪನಿಯ ಇಂಜಿನಿಯರಾಗಿದ್ದಾಗ ಕೊಂಡ ಮೊದಲ ಮನೆಗೇ ಅವನು ಬಂದು ಸೇರಿಕೊಂಡ. ಅಲ್ಲಿಂದ ಆಸ್ಟಿನ್‌ಗೆ ಶಿಫ್ಟ್ ಆದಾಗ ಜೊತೆಗೇ ಹೋದ. ಆಮೇಲೆ ಅಲೆನ್. ಗಿರಾಕಿಗೆ ಇಂಥದೇ ಬಣ್ಣ ಇಷ್ಟ ಎಂದು ಗೋಡೆಗೆಲ್ಲ ಹಾಲು ಕಡಿಮೆಯಾದ ಚಹಾದ ಬಣ್ಣ. ಗಿರಾಕಿಗೆ ಅರಿಶಿನದ ಕಲೆ ಆಗುವುದಿಲ್ಲ ಎಂದು ಅಡುಗೆಮನೆ ಕಟ್ಟೆಯ ಮೇಲೆ ಸದಾ ಹಳೆಯ ಟವೆಲ್ಲು. ಗಿರಾಕಿಗೆ ಇಂಗಿನ ವಾಸನೆ ತಡೆಯುವುದಿಲ್ಲ ಎಂದು ಒಗ್ಗರಣೆಯೆಲ್ಲ ಗ್ಯಾರೇಜಿನಲ್ಲಿ, ಪುಟ್ಟ ಕರೆಂಟ್ ಒಲೆಯ ಮೇಲೆ! ಮಾಮಿ ಸಾರು ಕುದಿಸಿ, ಸೌಟು ಹಿಡಿದು ಗ್ಯಾರೇಜಿಗೆ ಹೋಗಿ, ಚುಂಯ್ ಅನ್ನಿಸಿಕೊಂಡು, ಓಡೋಡಿ ಒಳಗೆ ಬಂದು ಸಾರಿಗೆ ಸುರಿಯುತ್ತಾರೆ. ಆ ಓಟದಲ್ಲಿ ಸಾಸಿವೆಯ ಅರ್ಧ ಸಿಡಿತ ಕಾರುಗಳ ಪಾಲು.

ಬೇರೆ ಹೆಂಗಸರಿಗೆ ಸವತಿಯ ಕಾಟ, ಅತ್ತೆಯ ಕಾಟ. ನಮ್ಮ ಮಾಮಿಗೆ ಇನ್ನೂ ಹುಟ್ಟದೇ ಇರುವ ಗಿರಾಕಿಯ ಕಾಟ.

ಹೀಗಿರುವಾಗ ಗಿರಾಕಿ ನಿಜವಾಗಿಯೂ ಬರುವ ಕಾಲ ಬಂತು. ಅವರ ಒಬ್ಬನೇ ಮಗ ಆಸ್ಟಿನ್ನಿನಲ್ಲಿದ್ದಾನೆ. ಒಳ್ಳೆಯ ಹುಡುಗ. ಮನೆಯಲ್ಲಿ ಅಪ್ಪ ಅಮ್ಮನಿಗೆಂದೇ ಒಂದು ರೂಮು ಮಾಡಿಸಿ, ಬಾತ್‌ರೂಮಿಗೆ ಹಿಡಿಕೆ ಹಾಕಿಸಿ, ಅಲೆನ್ ಮನೆ ಮಾರಿ ಬಂದುಬಿಡಿ ಎಂದು ಫೋನಿನಲ್ಲಿ ಹೇಳಿದ. ಮಾಮಾನಿಗೆ ಲೋಕದಲ್ಲಿ ಎಲ್ಲರಿಗೂ ಇಲ್ಲ ಅನ್ನಲು ಬರುತ್ತದೆ, ಮಗನೊಬ್ಬನಿಗೆ ಬಿಟ್ಟು. "ಆಗ್ಲಿ ನೋಡೂಣು" ಅಂದುಬಿಟ್ಟರು. ಮುಂದಿನ ಶನಿವಾರ ನಾವು ಹೋದಾಗ ಮಾಮಿ ಹಿತ್ತಿಲಿನಿಂದ ಕರಿಬೇವಿನ ಕುಂಡ ಎತ್ತಿಸಿ ನಮ್ಮ ಕಾರಿಗೆ ಹಾಕಿಸಿದರು.

"ಒಯ್ಯವಾ. ಹ್ಯೂಸ್ಟನ್ನಾಗ ಹಚ್ಚಿದ್ದು ಅಲ್ಲೇ ಬಿಟ್ಟೆ. ಆಸ್ಟಿನ್ನಾಗ ಹಚ್ಚಿದ್ದು ಅಲ್ಲೇ ಬಿಟ್ಟೆ. ಇದರೇ ಯಾರರೇ ನಮ್ಮವರ ಕಡೆ ಇರ್ಲಿ."

ಮಾಮಿ ನಗುತ್ತಲೇ ಹೇಳಿದರು. ನಾನೂ ನಗುತ್ತಲೇ ತಂದೆ. ತಂದು ದೊಡ್ಡ ಕುಂಡಕ್ಕೂ ಬದಲಾಯಿಸಿದೆ.

ಅದಾದ ಎರಡು ದಿನಕ್ಕೆ ಮಾಮಾನ ಫೋನು. ಪಿಸುದನಿ. ಹಿಂದೆ ಕಾರಿನ ಇಂಡಿಕೇಟರು ಟಿಕ್ ಟಿಕ್ ಅನ್ನುತ್ತಿತ್ತು. ಗ್ಯಾರೇಜಿನಲ್ಲಿ ನಿಂತ ಕಾರಿನೊಳಗೆ ಕೂತು ಮಾತಾಡುತ್ತಿದ್ದರು.

"ಆಕಿ ಕರಿಬೇವು ನಿನಗ ಕೊಟ್ಟಾಳೇನು?"

"ಹೌದು ಮಾಮಾ."

"ಅಂದ್ರ ಹೊಂಟೇವಿ ಅಂತ ತಿಳಕೊಂಡಾಳ. ಆಕಿಗೆ ಹೋಗೂ ಮನಸಿಲ್ಲ ನೋಡವಾ. ಇಲ್ಲಿ ಆಕಿ ಭಜನೀ ಗುಂಪದ, ಗೆಳತ್ಯಾರದಾರ. ನನಗ ಮಗನ ಮುಂದ ಇಲ್ಲ ಅನ್ನಾಕ ಬಾಯಿ ಬರೂದಿಲ್ಲ. ಆಕಿ ಅಂತಾಳ. ಆದ್ರ ಮನಿ ಆಕೀದಿದ್ರ ತಾನ ಆಕಿ ಅನ್ನೂದು? ಪೂರಾ ಆಕಿ ಹೆಸರಿಗೆ ಮಾಡಿಬಿಡ್ತೀನಿ. ನೀವಿಬ್ರೂ ಸಾಕ್ಷಿ. ಆಧಾರ್ ಕಾರ್ಡ್ ಅದನೋ?"

ಡ್ಯಾಲಸ್ಸಿನಲ್ಲಿ ಆಧಾರ್ ಕಾರ್ಡ್!

ಇಲ್ಲಿಂದ ಶುರುವಾಯಿತು ನೋಡಿ ರಿಜಿಸ್ಟ್ರೇಷನ್ ಪರ್ವ. ವಕೀಲರು ದಾನಪತ್ರ ಬರೆದುಕೊಟ್ಟರು, ನೋಟರಿಯ ಮುಂದೆ ಮಾಮಾನ ಸಹಿಯೂ ಆಯಿತು. "ಇನ್ನು ನಾವೇ ಆನ್‌ಲೈನಿನಲ್ಲಿ ಕೌಂಟಿಗೆ ಕಳಿಸಿ ದಾಖಲು ಮಾಡಿಸುತ್ತೇವೆ, ನೀವು ಮನೆಯಲ್ಲಿರಿ" ಅಂದರು. ಮಾಮಾ ಕೆರಳಿದರು. ಧಾರವಾಡದಲ್ಲಿ ತಮ್ಮ ಅಪ್ಪನ ಮನೆ ರಿಜಿಸ್ಟ್ರಿ ಆದದ್ದನ್ನು ಕಂಡವರು ಅವರು. ಕೊಡುವವರು, ತಗೊಳ್ಳುವವರು, ಸಾಕ್ಷಿಗಳು, ಗುರುತಿಸುವವರು, ಎಲ್ಲ ಸಬ್ ರಿಜಿಸ್ಟ್ರಾರರ ಮುಂದೆ ಹಾಜರು. ಫೋಟೋ, ಹೆಬ್ಬೆಟ್ಟು. ಆಮೇಲೆ ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಒಪ್ಪಿ ಕೊಟ್ಟೀರೇನು?" ಅಂತ ಕೇಳುತ್ತಾರೆ. ಅಪ್ಪ "ಒಪ್ಪಿ ಕೊಟ್ಟೀನ್ರಿ" ಅಂದರು. ಆಗ ಮನೆ ಕೈ ಬದಲಾಯಿತು. ಅದು ಬಿಟ್ಟು, ಕಂಪ್ಯೂಟರಿನ ಗುಂಡಿ ಒತ್ತಿದರೆ ಮನೆ ಹೇಗೆ ಹೋಗುತ್ತದೆ?

"ಅದೇನು ಪಿಜ್ಜಾ ಏನು, ಆನ್‌ಲೈನ್ ಕಳಸಾಕ?"

ವಕೀಲರು ಕೈ ಚೆಲ್ಲಿದರು. ನೀವೇ ತಗೊಂಡು ಹೋಗಿ ಕೊಡಿ, ಹಾಗೂ ಕೊಡಬಹುದು ಅಂದರು.

ಅಷ್ಟಕ್ಕೇ ಮುಗಿಯಲಿಲ್ಲ. ಪತ್ರ ಓದಿದ ಮಾಮಾನಿಗೆ ಅದರಲ್ಲಿ ಚಕ್ಕುಬಂದಿಯೇ ಇಲ್ಲ ಎಂದು ಹೊಳೆಯಿತು. ನಮ್ಮ ಕಡೆ ಪತ್ರದಲ್ಲಿ ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಹಿತ್ತಿಲು, ಉತ್ತರಕ್ಕೆ ರಸ್ತೆ ಎಂದು ನಾಲ್ಕೂ ಕಡೆ ಕಟ್ಟಿಹಾಕಿರುತ್ತಾರಲ್ಲ, ಅದು. ಇಲ್ಲಿ ಇದ್ದದ್ದು ಬರೀ ಲಾಟ್ ನಂಬರು, ಬ್ಲಾಕ್ ನಂಬರು. "ಇದು ಮನಿಯೋ, ಥೇಟರ್ ಟಿಕೀಟೋ?" ಎಂದು ಮಾಮಾ ಫೋನಿನ ದಿಕ್ಸೂಚಿ ತೆರೆದುಕೊಂಡು ಹೊರಗೆ ಹೊರಟರು. ಪೂರ್ವದ ಮನೆಯವನು ವಾರವೆಲ್ಲ ದುಡಿದು, ಭಾನುವಾರ ಇಡೀ ದಿನ ಹೊಗೆ ಹಾಕಿ ಮಾಂಸ ಬೇಯಿಸುವ ಶಾಂತ ಮನುಷ್ಯ. ಅವನ ಬೇಲಿಯ ಹತ್ತಿರ ನಿಂತು, ನಿಮ್ಮ ಪೂರ್ತಿ ಹೆಸರೇನು, ಈ ಬೇಲಿ ಎಲ್ಲಿ ಮುಗಿಯುತ್ತದೆ ಎಂದು ವಿಚಾರಿಸಿದರು. ಅವನು ಗಾಬರಿಯಾಗಿ ಒಳಗೆ ಹೋಗಿ ಅಳತೆ ಟೇಪು ತಂದು, ಸಂಜೆಯವರೆಗೆ ತನ್ನ ಬೇಲಿಯನ್ನು ತಾನೇ ಅಳೆದುಕೊಂಡ. ಮರುದಿನ ಅಲ್ಲಾಡುತ್ತಿದ್ದ ಕಂಬಕ್ಕೆ ಸಿಮೆಂಟು ಹಾಕಿಸಿದ.

ಮಾಮಾ ಸಂತೋಷದಿಂದ ಫೋನ್ ಮಾಡಿದರು: "ಪೂರ್ವ ಗಟ್ಟಿ ಆತು ನೋಡು!"

ಮಾಮಿಗೆ ಎಲ್ಲ ಹೇಳಿಯೇ ಮಾಡುತ್ತಿದ್ದರು. ಅವರು ನಂಬಬೇಕಲ್ಲ!

"ನನ್ನ ಹೆಸರಿಗೇನಂತ ಮನಿ! ಬ್ಯಾಸಿಗಿ ಶುರು ಆತಂದ್ರ ಇವರಿಗೆ ಹಿಂಗ ಏನರೇ ಒಂದು ಹಿಡೀತದ," ಎಂದು ನನ್ನ ಹತ್ತಿರ ಹೇಳಿದರು. "ಹೋದ ವರ್ಷ ಛಾವಣಿ ಮ್ಯಾಲೆ ಗಾಳೀಯಂತ್ರ ಹಾಕಸ್ತೀನಿ ಅಂತಿದ್ರು. ಇದೂ ಹಂಗ. ಮಗಾ ಗಾಡಿ ತಗೊಂಡು ಬಂದ ಅಂದ್ರ ಮೊದಲು ಚಪ್ಪಲಿ ಮೆಟ್ಟೂರು ಇವರ."

ಹಾಗೆ ಬಂತು ಇವತ್ತಿನ ಗುರುವಾರ. ರಾಹುಕಾಲ ಮಧ್ಯಾಹ್ನ. ಅಮೆರಿಕದಲ್ಲಿ ಬೇಸಿಗೆಗೆ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರಲ್ಲ, ಆಗ ರಾಹುವೂ ಮುಂದೆ ಹೋಗುತ್ತಾನೋ ಇಲ್ಲವೋ ಎಂಬ ಸಂಶಯಕ್ಕೆ ಎರಡೂ ಹೊತ್ತು ಬಿಟ್ಟು ಬೆಳಗ್ಗೆಯೇ ಹೊರಟೆವು. ಮಾಮಾ ಕೋಟು ಹಾಕಿದ್ದರು. ನಮ್ಮ ಯಜಮಾನರು ಆಫೀಸಿಗೆ ಡಾಕ್ಟರ ಅಪಾಯಿಂಟ್‌ಮೆಂಟ್ ಎಂದು ಸುಳ್ಳು ಹೇಳಿ ಬಂದಿದ್ದರು. ಮಾಮಿ ಇಳಕಲ್ ಸೀರೆಯಲ್ಲಿ, ಬಲವಂತದ ಮುಖದಲ್ಲಿ. ಮಾಮಾನ ಕೈಯಲ್ಲಿ ಚೀಲ. ಚೀಲದಲ್ಲಿ ರಿಜಿಸ್ಟ್ರಾರರಿಗೆಂದು ತೆಂಗಿನಕಾಯಿ, ಬಾಳೆಹಣ್ಣು.

ದಾರಿಯುದ್ದಕ್ಕೂ ಮಾಮಾ ಉತ್ತರ ಅಭ್ಯಾಸ ಮಾಡಿದರು. "ಒಪ್ಪಿ ಕೊಟ್ಟೀರೇನು" ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಹೇಳಬೇಕಾದ ಉತ್ತರ. ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ, ಸ್ಥಿರಬುದ್ಧಿಯಿಂದ ಎಂದು ಮೂರು ಭಾಗವಾಗಿ.

"ಸ್ಥಿರಬುದ್ಧಿ ಅಂತ ಹೇಳಬ್ಯಾಡ್ರಿ," ಅಂದರು ಮಾಮಿ ಕಿಟಕಿಯಿಂದ ಮುಖ ತಿರುಗಿಸದೆ. "ಸಾಕ್ಷಿ ಕೇಳಿದ್ರ ನಾ ಸುಳ್ಳು ಹೇಳಾಂಗಿಲ್ಲ."

ಬಾಗಿಲಲ್ಲಿ ಚೀಲಗಳನ್ನು ಸ್ಕ್ಯಾನರಿನೊಳಗೆ ಕಳಿಸಬೇಕಿತ್ತು. ತೆಂಗಿನಕಾಯಿ ಒಳಗೆ ಹೋಯಿತು. ಸೆಕ್ಯೂರಿಟಿಯವನು ತೆರೆ ನೋಡಿ, ಹಿಂದಕ್ಕೆ ತರಿಸಿ, ಮತ್ತೆ ಕಳಿಸಿ, ಕೊನೆಗೆ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ನೀರು ಕುಲುಕಿತು. ಇದೇನು ಎಂದು ಕೇಳಿದ. ರಿಜಿಸ್ಟ್ರಾರರಿಗೆ ಕಾಣಿಕೆ ಎಂದು ಮಾಮಾ ಹೇಳುವಷ್ಟರಲ್ಲಿ ನಮ್ಮ ಯಜಮಾನರು "ಲಂಚ್! ಲಂಚ್!" ಎಂದು ಕೂಗಿದರು. ಸರ್ಕಾರಿ ಕಚೇರಿಯ ಬಾಗಿಲಲ್ಲಿ ಕಾಣಿಕೆ ಅನ್ನುವುದೇ!

ಒಳಗೆ ರಿಜಿಸ್ಟ್ರಾರರೇ ಇರಲಿಲ್ಲ. ಸಾಲು ಕಿಟಕಿ. ಕಿಟಕಿಯ ಹಿಂದೆ ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡ ಒಬ್ಬ ಹೆಂಗಸು. ನಮ್ಮ ಸರದಿ ಬಂತು. ಮಾಮಾ ಕೋಟಿನ ಗುಂಡಿ ಹಾಕಿಕೊಂಡು ಮುಂದೆ ನಿಂತರು. ಎಡಕ್ಕೆ ಮಾಮಿ, ಬಲಕ್ಕೆ ಸಾಕ್ಷಿಗಳಾದ ನಾವು, ಗ್ರೂಪ್ ಫೋಟೋಗೆ ನಿಂತ ಹಾಗೆ. ಆಕೆ ಪತ್ರ ತಗೊಂಡು ನೋಟರಿ ಮುದ್ರೆ ನೋಡಿದಳು. ಶುಲ್ಕ ಹೇಳಿದಳು. ಪತ್ರವನ್ನು ಸ್ಕ್ಯಾನ್ ಮಾಡಿದಳು. ಮೂಲೆಯಲ್ಲಿ ಒಂದು ಮುದ್ರೆ ಬಿತ್ತು. ವಾಪಸ್ ಕೊಟ್ಟು, ಆಯಿತು, ಒಳ್ಳೆಯ ದಿನವಾಗಲಿ ಅಂದಳು.

ಮಾಮಾ ಅಲ್ಲಾಡಲಿಲ್ಲ.

ಇವರು ಸಾಕ್ಷಿಗಳು ಅಂದರು. ಬೇಕಾಗಿಲ್ಲ ಅಂದಳು. ಹೆಬ್ಬೆಟ್ಟು ಮುಂದೆ ಚಾಚಿದರು. ಆಕೆ ಅದನ್ನು ಶಾಬಾಶ್ ಎಂದು ತಿಳಿದು ತಾನೂ ಹೆಬ್ಬೆಟ್ಟು ಎತ್ತಿ ತೋರಿಸಿದಳು! ಕೊನೆಗೆ, ಮನೆ ತಗೊಳ್ಳುತ್ತಿರುವವಳು ನನ್ನ ಹೆಂಡತಿ, ಇಲ್ಲೇ ನಿಂತಿದ್ದಾಳೆ, ಅವಳನ್ನಾದರೂ ನೋಡುವುದಿಲ್ಲವೇ ಎಂದು ಮಾಮಾ ಬೇಡಿಕೊಂಡರು. ಆಕೆ ಕನ್ನಡಕ ಸರಿಮಾಡಿಕೊಂಡು, ಕಿಟಕಿಯಿಂದ ಬಾಗಿ, ಮಾಮಿಯನ್ನು ತಲೆಯಿಂದ ಕಾಲಿನವರೆಗೆ ನೋಡಿ, ಏನೋ ಹೇಳಿ ನಕ್ಕಳು.

"ಏನಂದ್ಲ್ರಿ?" ಮಾಮಿ ಕೇಳಿದರು.

"ಸೀರಿ ಭಾಳ ಚಂದ ಅದ ಅಂದ್ಳು."

"ಇಷ್ಟ ಕೇಳಾಕ ಇಷ್ಟು ದೂರ ಕರಕೊಂಡು ಬಂದ್ರೇನು?"

ಸಾಲಿನಲ್ಲಿ ನಮ್ಮ ಹಿಂದಿದ್ದ ಕೌಬಾಯ್ ಬೂಟಿನವನೊಬ್ಬ ಕೆಮ್ಮಿದ. ನಾವು ಸರಿದೆವು.

ವಾಪಸ್ ಹೊರಟೆವು. ಮಾಮಾನ ಮಡಿಲಲ್ಲಿ ಪತ್ರ, ಅದರ ಮೇಲೆ ತೆಂಗಿನಕಾಯಿ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ತಮಗೆ ತಾವೇ ಹೇಳಿಕೊಂಡರು, "ಕೇಳಲೇ ಇಲ್ಲ ನೋಡು. ಒಪ್ಪಿ ಕೊಟ್ಟೀನೋ ಇಲ್ಲೋ ಅಂತ ಒಬ್ರೂ ಕೇಳಲೇ ಇಲ್ಲ."

ನನಗೆ ಪಾಪ ಅನ್ನಿಸಿತು. ಸಾಕ್ಷಿಯಾಗಿಯಂತೂ ಉಪಯೋಗಕ್ಕೆ ಬರಲಿಲ್ಲ. ರಿಜಿಸ್ಟ್ರಾರ್ ಆದರೂ ಆಗೋಣ ಎಂದುಕೊಂಡೆ.

"ನಾನು ಕೇಳ್ತೀನಿ ಮಾಮಾ. ಒಪ್ಪಿ ಕೊಟ್ಟಿದ್ದೀರಾ?"

ಇಂಗ್ಲಿಷಿನ ಮೂರು ಭಾಗದ ಉತ್ತರ ಈಗ ಬರುತ್ತದೆ ಎಂದು ಎಲ್ಲರೂ ಕಾದೆವು. ಮಾಮಾ ಹಿಂದಿನ ಸೀಟಿನ ಕಡೆ ಅರ್ಧ ತಿರುಗಿ ನೋಡಿದರು. ಮಾಮಿ ಕಿಟಕಿಯ ಹೊರಗೆ ನೋಡುತ್ತಿದ್ದರು.

"ಮನೀಗೆ ನಡೀ. ಅಲ್ಲಿ ಹೇಳ್ತೀನಿ."

ಮನೆ ಬಂತು. ಮಾಮಿ ಸೆರಗು ಸಿಕ್ಕಿಸಿ ಅಕ್ಕಿ ತೊಳೆಯಲು ಹೋದರು. ಮಾಮಾ ಕೋಟು ಕೂಡ ಬಿಚ್ಚದೆ ಗ್ಯಾರೇಜಿಗೆ ಹೋದರು. ಅಲ್ಲಿ ಡಬ್ಬಿಗಳು ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಬಂದರು. ಒಂದು ಕೈಯಲ್ಲಿ ಸುತ್ತಿಗೆ. ಇನ್ನೊಂದು ಕೈಯಲ್ಲಿ ಮೊಳೆ.

ನೇರ ಅಡುಗೆಮನೆಗೆ ಹೋಗಿ ಮಾಮಿಯ ಮುಂದೆ ಎರಡನ್ನೂ ಚಾಚಿದರು.

"ತಗೋ."

ಮಾಮಿ ಒದ್ದೆ ಕೈ ಒರೆಸಿಕೊಂಡರು. ಸುತ್ತಿಗೆ ನೋಡಿದರು. ಮಾಮಾನ ಮುಖ ನೋಡಿದರು.

"ಏನ್ರಿ ಇದು?"

"ಗ್ವಾಡಿ ನಿಂದು. ಎಲ್ಲಿ ಬೇಕು ಅಲ್ಲಿ ಹೊಡಿ. ನಾ ಕೇಳೂ ಹಂಗಿಲ್ಲ."

"ಗಿರಾಕಿ ಏನಂತಾನ್ರಿ?"

"ಆಂವ ಇನ್ನ ನಿನ್ನ ಕೇಳಬೇಕು. ನನ್ನ ಕೇಳಿ ಏನು ಮಾಡ್ತಾನ?"

ಮಾಮಿ ಆಗಲೂ ನಂಬಿದಂತೆ ಕಾಣಲಿಲ್ಲ. ಆದರೂ ಸುತ್ತಿಗೆ ತಗೊಂಡರು. ಹಾಲ್‌ಗೆ ಬಂದು ಗೋಡೆಯ ಮುಂದೆ ನಿಂತರು. ಇಲ್ಲಿನ ಗೋಡೆಗಳು ರಟ್ಟಿನ ಡಬ್ಬಿಯಂಥವು. ಮೊದಲ ಏಟಿಗೇ ಮೊಳೆ ಗೋಡೆಯೊಳಗೆ ಹೋಗಿ ಮಾಯವಾಯಿತು! ಬಿಳಿ ಪುಡಿ ಕಾರ್ಪೆಟ್ಟಿನ ಮೇಲೆ ಉದುರಿತು. ಮಾಮಾ ಕಣ್ಣು ಮುಚ್ಚಿಕೊಂಡರು. ಮಾಮಿ ತಿರುಗಿ ನೋಡಿದರು, ಈಗ ಬೈಗುಳ ಬರುತ್ತದೆಂದು. ಬರಲಿಲ್ಲ. ಮಾಮಾ ಕಣ್ಣು ಮುಚ್ಚಿಕೊಂಡೇ ಜೇಬಿನಿಂದ ಇನ್ನೊಂದು ಮೊಳೆ ತೆಗೆದು ಕೊಟ್ಟರು.

ನಮ್ಮ ಯಜಮಾನರು ಗೋಡೆ ಬಡಿದು ಬಡಿದು ಒಳಗೆ ಮರದ ಪಟ್ಟಿ ಇರುವ ಜಾಗ ಹುಡುಕಿದರು. ಈ ಸಲ ಮೊಳೆ ಕಚ್ಚಿಕೊಂಡಿತು. ಮಾಮಿ ಕುರ್ಚಿಯಿಂದ ಗಡಿಯಾರವನ್ನು ಎತ್ತಿ, ಸೆರಗಿನಿಂದ ಒರೆಸಿ, ತೂಗುಹಾಕಿದರು. ಅಷ್ಟು ವರ್ಷ ಕೂತಿದ್ದ ಗಡಿಯಾರ ಮೊದಲ ಸಲ ಎದ್ದು ನಿಂತಿತು. ಎಡಕ್ಕೆ ವಾಲಿ ನಿಂತಿತು.

ಮಾಮಾನ ಇಂಜಿನಿಯರ್ ಜೀವ ತಡೆಯಲಿಲ್ಲ. "ಒಂಚೂರು ಸೀದಾ ಮಾಡ್ಲ್ಯಾ?"

"ಬ್ಯಾಡ್ರಿ. ಇರ್ಲಿ."

ಮಾಮಾ ಕೈ ಕೆಳಗಿಳಿಸಿದರು.

ಆ ಹೊತ್ತಿಗೇ ಆಸ್ಟಿನ್ನಿನಿಂದ ಮಗನ ಫೋನು. ಸ್ಪೀಕರಿನಲ್ಲಿ. ಈ ಶನಿವಾರ ಮನೆ ಮಾರಿಸಿಕೊಡುವ ರಿಯಲ್ಟರ್ ಒಬ್ಬ ಮನೆ ನೋಡಲು ಬರುತ್ತಾನೆ, ನಾನೂ ಬರುತ್ತೇನೆ, ಓಕೆನಾ ಡ್ಯಾಡ್ ಎಂದು ಅವನ ಇಂಗ್ಲಿಷಿನಲ್ಲಿ ಕೇಳಿದ. ಮಾಮಾ ಗಂಟಲು ಸರಿಮಾಡಿಕೊಂಡರು.

"ನನ್ನ ಯಾಕ ಕೇಳ್ತಿಯೋ? ಮನಿ ಮಾಲಕರು ಇಲ್ಲೇ ಅದಾರ. ಅವರನ್ನ ಕೇಳು." ಎಂದು ಫೋನನ್ನು ಮಾಮಿಯ ಕೈಗಿಟ್ಟರು.

ಮಾಮಿ ಫೋನು ಹಿಡಿದು ನಿಂತರು. ಗೋಡೆಯ ಕಡೆ ನೋಡಿದರು.

"ಶನಿವಾರ ಊಟಕ್ಕ ಬಾಪ್ಪಾ, ಸೊಸೀನ್ನೂ ಕರಕೊಂಡು. ರಿಯಲ್ಟರ್ ಬ್ಯಾಡ. ಮನಿ ನಾ ಮಾರಂಗಿಲ್ಲ. ಬರೂ ಮುಂದ ಡ್ರಿಲ್ ತಗೊಂಡು ಬಾ. ಪಟ ಭಾಳ ಅದಾವ."

ಆ ಕಡೆಯಿಂದ ಮೆಲ್ಲಗೆ, "ಮಾಮ್... ಇಸ್ ಡ್ಯಾಡ್ ಓಕೆ?"

"ಅರಾಮ್ ಅದಾರ. ಕಾರ್ಪೆಟ್ ಮ್ಯಾಲಿನ ಪುಡಿ ಆರಸ್ಲಿಕತ್ತಾರ."

ಆಮೇಲೆ ನನ್ನ ಕಡೆ ತಿರುಗಿ, "ಮುಂದಿನ ಸಲ ಬರೂ ಮುಂದ ನನ್ನ ಕರಿಬೇವು ತಗೊಂಡು ಬಾರವಾ," ಅಂದರು. ದೊಡ್ಡ ಕುಂಡಕ್ಕೆ ಬದಲಾಯಿಸಿದ್ದೇನೆ ಎಂದು ಹೇಳಲು ಹೋದೆ. ಹೇಳಲಿಲ್ಲ. ಕುಂಡ ಸಮೇತ ಕೊಟ್ಟರಾಯಿತು.

ಸೌಟು ಹಿಡಿದು ಅಭ್ಯಾಸಬಲದಿಂದ ಗ್ಯಾರೇಜಿನ ಕಡೆ ಎರಡು ಹೆಜ್ಜೆ ಹೋದ ಮಾಮಿ ಅಲ್ಲೇ ನಿಂತರು. ತಿರುಗಿ ಬಂದು ಅಡುಗೆಮನೆಯ ಒಲೆ ಹಚ್ಚಿದರು. ಎಣ್ಣೆ, ಸಾಸಿವೆ, ಒಂದು ಚಿಟಿಕೆ ಜಾಸ್ತಿಯೇ ಇಂಗು. ಮನೆಯೆಲ್ಲ ಘಮ್ಮೆಂದಿತು. ಮಾಮಾ ಹಾಲ್‌ನಿಂದ ಕೆಮ್ಮಿದರು.

ಊಟಕ್ಕೆ ಅನ್ನ, ಸಾರು, ನಿನ್ನೆಯ ಕಟಕ ರೊಟ್ಟಿ, ಶೇಂಗಾ ಹಿಂಡಿ, ಸ್ಕ್ಯಾನರಿನೊಳಗೆ ಎರಡು ಸಲ ಹೋಗಿಬಂದ ತೆಂಗಿನಕಾಯಿಯ ಚಟ್ನಿ, ರಿಜಿಸ್ಟ್ರಾರರಿಗೆ ಸೇರದ ಬಾಳೆಹಣ್ಣು ಹಾಕಿದ ಶಿರಾ. ನಮ್ಮ ಯಜಮಾನರು ಮೂರು ಸಲ ಅನ್ನ ಹಾಕಿಸಿಕೊಂಡು ಸೋಫಾದಲ್ಲಿ ಒರಗಿದರು. ಊಟವಾದೊಡನೆ ಗೊರಕೆ ಹೊಡೆಯುವ ಮಾಮಾ ಯಾಕೋ ಗೋಡೆ ನೋಡುತ್ತ ಎಚ್ಚರವಾಗಿಯೇ ಇದ್ದರು. ನಾನು ಪಾತ್ರೆ ತೊಳೆದಿಟ್ಟು ಬಂದೆ. ಮಧ್ಯಾಹ್ನ ಕಣ್ಣು ಮುಚ್ಚಿದ್ದನ್ನು ಯಾರೂ ಕಂಡಿರದ ಮಾಮಿ, ಗಡಿಯಾರ ಬಿಟ್ಟುಕೊಟ್ಟ ಕುರ್ಚಿಯಲ್ಲಿ, ಅದರ ಕೈಗಳ ಮೇಲೆ ಕೈಯಿಟ್ಟುಕೊಂಡು, ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದರು.